ಪರದೆಯ ಹಿಂದೆ ಕಟ್ಟಿದ ಚಕ್ರ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತ ಕಡ್ಡಿಯಕ್ಕ, ಹಿಂಬದಿ ಚಕ್ರದ ನಡುವೆ ಕೂರುವ ಹಬ್ ಒಂದನ್ನು ತೊಡೆಯ ಮೇಲಿಟ್ಟು ಅಳೆಯುತ್ತಿದ್ದಾರೆ. ಸ್ಪೋಕ್ ಕಡ್ಡಿ ಪೋಣಿಸುವ ಒಂದು ತೂತಿನ ಎಡ ಅಂಚಿನಿಂದ, ನೇರ ಎದುರಿನ ತೂತಿನ ಎಡ ಅಂಚಿಗೆ ಸ್ಟೀಲ್ ಪಟ್ಟಿ ಹಿಡಿಯುತ್ತಾರೆ. ಆಮೇಲೆ ಹಬ್ಬಿನ ನಡುವಿನಿಂದ ತೂತುಗಳಿರುವ ಎಡಗಡೆ ತಟ್ಟೆಗೆ ಎಷ್ಟು, ಬಲಗಡೆ ತಟ್ಟೆಗೆ ಎಷ್ಟು ಅಂತ ಬೇರೆ ಬೇರೆ ನೋಡುತ್ತಾರೆ.

"ಬಲಗಡೆ ಹಲ್ಲಿನ ಚಕ್ರ ಕೂರಬೇಕಲ್ಲ, ಅದಕ್ಕೆ ತಟ್ಟೆ ಒಳಗೆ ಸರಿದಿರುತ್ತೆ. ಆ ಕಡೆ ಕಡ್ಡಿ ಗಿಡ್ಡ ಬೇಕು. ಒಂದೆರಡು ಮಿಲಿಮೀಟರ್ ಅಷ್ಟೇ. ಅಷ್ಟರಲ್ಲೇ ಇರೋದು ಎಲ್ಲಾ" ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ರಿಮ್ಮಿನ ಅಳತೆಗೆ ಅವರದೇ ಒಂದು ಉಪಾಯವಿದೆ. ಒಂದೇ ಉದ್ದಕ್ಕೆ ಕತ್ತರಿಸಿದ ಎರಡು ಹಳೇ ಕಡ್ಡಿಗಳನ್ನು ಎದುರುಬದುರು ತೂತಿಗೆ ಸಿಕ್ಕಿಸಿ, ನಡುವೆ ಉಳಿದ ಜಾಗವನ್ನು ಅಳೆಯುತ್ತಾರೆ. ರಿಮ್ಮನ್ನು ಕಾಲುಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯುತ್ತಾರೆ. "ರಿಮ್ಮು ಪೂರ್ತಿ ಗುಂಡಗಿದೆ ಅಂತ ನಂಬಿದ್ರೆ ಕೆಟ್ಟೆವು."

ಈ ಕೆಲಸವನ್ನು ಅಪ್ಪನ ಪಕ್ಕ ಕೂತು ಕಲಿತವರು ಅವರು. ಅಪ್ಪ ಹೋದ ಮೇಲೆ ಅಂಗಡಿ ಅಣ್ಣನ ಪಾಲಾಯಿತು, ದುಡಿಮೆ ತಂಗಿಯ ಪಾಲಾಯಿತು. ಮುಂದೆ ಬೋರ್ಡಿನಲ್ಲಿ ಅಣ್ಣನ ಹೆಸರು, ಗಲ್ಲಾದಲ್ಲಿ ಅಣ್ಣ. ನಡುವೆ ಎಣ್ಣೆ ಹಿಡಿದ ಒಂದು ಪರದೆ. ಗಂಡನನ್ನು ಕಳೆದುಕೊಂಡು ಬಂದ ತಂಗಿಗೆ ಜಾಗ ಕೊಟ್ಟಿದ್ದೇನೆ ಎಂದು ಆತ ಬಂದವರಿಗೆಲ್ಲ ಹೇಳಿಕೊಳ್ಳುತ್ತಾನೆ. ಯಾರು ಯಾರಿಗೆ ಅನ್ನ ಹಾಕುತ್ತಿದ್ದಾರೆ ಅನ್ನೋದು ಪರದೆ ಸರಿಸಿದರೆ ಗೊತ್ತಾಗುತ್ತದೆ. ಯಾರೂ ಸರಿಸುವುದಿಲ್ಲ.

ಈಗ ತೊಡೆಯ ಮೇಲಿರುವ ಹಬ್ ನೀರಿನ ಕ್ಯಾನ್ ಹಾಕುವವನದು. ಹೋದ ಸಲ ಅವನ ಚಕ್ರ ಬಂದಾಗ ಕಡ್ಡಿಯಕ್ಕ ಜ್ವರದಲ್ಲಿ ಮಲಗಿದ್ದರು. ಗಿರಾಕಿ ಕೈತಪ್ಪಬಾರದೆಂದು ಅಣ್ಣನೇ ಕಟ್ಟಲು ಕೂತ. ಎಡಗಡೆ ಮಾತ್ರ ಅಳೆದು, ಎರಡೂ ಕಡೆಗೆ ಒಂದೇ ಉದ್ದದ ಕಡ್ಡಿ ಹಾಕಿದ. ಬಲಗಡೆಯವು ಉದ್ದವಾದವು. ಕಡ್ಡಿ ತುದಿಯ ತಿರುಪು ಮುಗಿದು, ಅದನ್ನು ಬಿಗಿಯುವ ನಿಪ್ಪಲ್ ನಿಂತುಹೋಯಿತು, ಕಡ್ಡಿ ಮಾತ್ರ ಸಡಿಲವಾಗಿಯೇ ಉಳಿಯಿತು. ತುಂಬಿದ ಕ್ಯಾನುಗಳ ಭಾರಕ್ಕೆ ತಿರುವಿನಲ್ಲಿ ಚಕ್ರ ಮಡಚಿಕೊಂಡು, ಪಾಪದ ಮನುಷ್ಯ ಮಣಿಕಟ್ಟು ಮುರಿದುಕೊಂಡ.

"ತಂಗಿ ಕಟ್ಟಿದ್ದು, ಏನ್ಮಾಡೋದು" ಎಂದು ಕೇಳಲು ಬಂದ ಕ್ಯಾನಿನವನಿಗೆ ಹೇಳಿಬಿಟ್ಟ ಅಣ್ಣ.

ಪರದೆಯ ಹಿಂದಿದ್ದ ಕಡ್ಡಿಯಕ್ಕನಿಗೆ ಅದು ಕೇಳಿಸಿತು. ಸುಮ್ಮನೆ ಯಾಕಿದ್ದಿರಿ ಎಂದರೆ ನಿಪ್ಪಲ್ ಆರಿಸುತ್ತಲೇ ಹೇಳುತ್ತಾರೆ: "ಎದುರು ಮಾತಾಡಿದ್ರೆ ಈ ಕೋಣೆನೂ ಹೋಗುತ್ತೆ. ಬೇರೆ ಅಂಗಡೀಲಿ ಹೆಂಗಸಿನ ಕೈಗೆ ಯಾರು ಸ್ಪಾನರ್ ಕೊಡ್ತಾರೆ?"

ನಿನ್ನೆ ಕ್ಯಾನಿನವನು ಕೈಯ ಪಟ್ಟಿ ಬಿಚ್ಚಿಸಿಕೊಂಡು ಬಂದ. "ಈ ಸಲ ನೀವೇ ಕಟ್ಟಬೇಕು ಯಜಮಾನ್ರೇ. ಆಯಮ್ಮನ ಕೈಗೆ ಕೊಡಬೇಡಿ. ಇನ್ನೊಂದ್ಸಲ ಬಿದ್ರೆ ಮನೇಲಿ ಒಲೆ ಹತ್ತಲ್ಲ."

"ಮುಟ್ಟೋಕೂ ಬಿಡಲ್ಲ, ಹೋಗಿ" ಎಂದ ಅಣ್ಣ. ಆ ಮನುಷ್ಯ ಬೀದಿ ದಾಟುವ ಮೊದಲೇ ಹಬ್ಬೂ ರಿಮ್ಮೂ ಪರದೆಯ ಹಿಂದೆ ಬಂದು ಬಿದ್ದವು.

"'ನಿನಗೇ ಕಟ್ಟೋಕೆ ಹೇಳಿದಾರಲ್ಲ, ಕಟ್ಟು' ಅಂದೆ ಅಣ್ಣಂಗೆ. ಸರಿ ಅಂತ ಕೂತ, ಮತ್ತೆ ಎಡಗಡೆ ಒಂದೇ ಅಳೆದು ಎದ್ದ. ಆ ಮನುಷ್ಯ ಮತ್ತೆ ಬೀಳ್ತಾನೆ ಅಂತ ಗೊತ್ತಿದ್ದೂ ಹೆಂಗೆ ನೋಡ್ಕೊಂಡಿರಲಿ? ಅವನ ಕೈಯಿಂದ ಕಿತ್ಕೊಂಡೆ" ಎನ್ನುತ್ತಾರೆ ಕಡ್ಡಿಯಕ್ಕ.

ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಕಡ್ಡಿಗಳನ್ನು ಹೆಣೆದಾಗಿದೆ. ಒಂದೊಂದನ್ನೇ ಬೆರಳಿನಿಂದ ಮೀಟಿ, ಸಪ್ಪೆ ದನಿ ಬಂದಲ್ಲಿ ಬಿಗಿ ಮಾಡುತ್ತಾರೆ. ಏನಾದರೂ ಆಸೆ ಇದೆಯಾ ಎಂದರೆ, "ಈ ಪರದೆ ತೆಗೆದ್ರೆ ಸಾಕು. ಬೆಳಕೇ ಸಾಲಲ್ಲ ಇಲ್ಲಿ" ಎಂದು ನಗುತ್ತಾರೆ.

ಕ್ಯಾನಿನವನು ಬರುತ್ತಾನೆ. ಮುಂದಿನ ಅಂಗಡಿಯಲ್ಲಿ ಅಣ್ಣ ಚಕ್ರ ಎತ್ತಿ ಹಿಡಿದು ಗಿರ್ರನೆ ತಿರುಗಿಸುತ್ತಾನೆ.

"ನೋಡಿ, ಇದಪ್ಪಾ ಕೆಲಸ ಅಂದ್ರೆ."

ಅಣ್ಣ ಪರದೆಯ ಕಡೆ ತಿರುಗಿ, ಗಿರಾಕಿಗೂ ಕೇಳುವಂತೆ ಕೂಗುತ್ತಾನೆ: "ಕೇಳಿಸ್ತೇನೇ? ಕಲ್ತ್ಕೋ."

"ಕೇಳಿಸ್ತಣ್ಣ" ಎನ್ನುತ್ತಾರೆ ಕಡ್ಡಿಯಕ್ಕ. ಆಮೇಲೆ ನನ್ನತ್ತ ತಿರುಗಿ, ಮೆಲ್ಲಗೆ: "ಚಕ್ರ ತಿರುಗಿದ್ದು ಕೇಳಿಸ್ತು. ಎಲ್ಲೂ ಓಲಾಡಲಿಲ್ಲ."