ಹುಲ್ಲು ಕೊಡದ ಕೊಲ್ಲಾಪುರಮ್ಮ

ಸಿ.ಎಸ್. ಪುರದಿಂದ ಕುಣಿಗಲ್ ಕಡೆಗೆ ಹೋಗುವ ಮಣ್ಣುದಾರಿಯ ಎಡಕ್ಕೆ ಕೊಲ್ಲಾಪುರಮ್ಮನ ನಾಲ್ಕು ಎಕರೆ. ಮುಕ್ಕಾಲು ಪಾಲು ರಾಗಿ ಹೊಲ, ಮನೆಯ ಮಗ್ಗುಲಲ್ಲಿ ಒಂದಿಷ್ಟು ತೆಂಗು, ಮೇಲ್ತುದಿಯಲ್ಲಿ ನೇಗಿಲು ಇಳಿಯದ ಬಂಡೆಗುಡ್ಡೆ. ಗಂಡ ತೀರಿಕೊಂಡ ಮೇಲೆ ಊರಿನವರು ಅದನ್ನು ‘ಅಣ್ಣಯ್ಯಪ್ಪನ ಅತ್ತಿಗೆ ಹೊಲ’ ಎನ್ನತೊಡಗಿದ್ದರು. ಅಣ್ಣಯ್ಯಪ್ಪ ಆಕೆಯ ಮೈದುನ, ಪಕ್ಕದ ಹೊಲದವನು. ಕೆಟ್ಟವನಲ್ಲ. ಅತ್ತಿಗೆಯ ಎತ್ತುಗಳಿಗೆ ಲಾಳ ಕಟ್ಟಿಸುತ್ತಿದ್ದ, ಸೊಸೈಟಿಯಿಂದ ಬಿತ್ತನೆ ಬೀಜ ತರುತ್ತಿದ್ದ, ಅವಳ ಮರದ ಕಾಯಿ ಯಾವಾಗ ಕೀಳಿಸಬೇಕೆಂದು ತಾನೇ ತೀರ್ಮಾನಿಸುತ್ತಿದ್ದ. ಇದರಲ್ಲಿ ಒಂದನ್ನೂ ಅವಳನ್ನು ಕೇಳಿ ಮಾಡುತ್ತಿರಲಿಲ್ಲ.

ಕೊಲ್ಲಾಪುರಮ್ಮ ಅಲ್ಲಿಯವರೆಗೆ ದನಿ ಎತ್ತಿದವಳೇ ಅಲ್ಲ ಎಂದರೆ ಸುಳ್ಳಾಗುತ್ತದೆ. ಎತ್ತುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಎಪ್ಪತ್ತೆಂಟನೇ ಇಸವಿ, ಸಂಕ್ರಾಂತಿ ಕಳೆದ ಹೊಸತು. ರಾಗಿ ಬಡಿದು, ಹುಲ್ಲು ಮೆದೆ ಒಟ್ಟಿ, ಹೊಲಗಳು ಖಾಲಿಯಾಗಿದ್ದವು. ಕುರಿಮಂದೆ ಹಾಕಿಸುವ ಕಾಲ ಅದು. ಕುರಿಯವರು ತಮ್ಮ ಮಂದೆಯನ್ನು ರಾತ್ರಿ ಯಾರದಾದರೂ ಹೊಲದಲ್ಲಿ ನಿಲ್ಲಿಸುತ್ತಾರೆ; ಬೆಳಗಾಗುವಷ್ಟರಲ್ಲಿ ನೆಲದ ತುಂಬ ಹಿಕ್ಕೆ, ಗಂಜಲ. ಹೊಲದವರು ಅದಕ್ಕೆ ಪ್ರತಿಯಾಗಿ ಊಟ ಹಾಕಿ ರಾಗಿ ಅಳೆಯುತ್ತಾರೆ. ಆ ಸೀಮೆಯ ನೆಲಕ್ಕೆ ಇದನ್ನು ಮೀರಿದ ಗೊಬ್ಬರ ಇನ್ನೊಂದಿಲ್ಲ.

ಆ ಸಲ ಮಂದೆಗಳಿಗೆ ತೋಳ ಬಿತ್ತು. ಇವತ್ತು ಒಬ್ಬರ ಮರಿ, ನಾಳೆ ಇನ್ನೊಬ್ಬರದು. ಕೊಲ್ಲಾಪುರಮ್ಮನಿಗೂ ಸ್ವಂತದ ಹತ್ತು ಕುರಿಗಳಿದ್ದವು. ಅದರಲ್ಲೊಂದು ಮರಿ ಹೋಯಿತು. ಜಾಡು ಹಿಡಿದು ಹೋದವರಿಗೆ ಅವಳ ಬಂಡೆಗುಡ್ಡೆಯ ಸಂದಿನಲ್ಲಿ ಗವಿ ಸಿಕ್ಕಿತು. ಒಳಗಿಂದ ತೋಳದ ಮರಿಗಳ ಕುಂಯ್‌ಗುಟ್ಟುವ ಸದ್ದು ಬರುತ್ತಿತ್ತು.

ಊರಿನ ಕುರಿಯವರಲ್ಲಿ ಇದಕ್ಕೊಂದು ಕಟ್ಟುಪಾಡು ಇತ್ತು. ಗವಿಯ ಬಾಯಿಗೆ ಹುಲ್ಲು ತುರುಕಿ, ಒಣಮೆಣಸಿನಕಾಯಿ ಸುರಿದು ಹೊಗೆ ಹಾಕುತ್ತಿದ್ದರು. ಆದರೆ ಹಾಲು ಕುಡಿಯುವ ಮರಿಗಳನ್ನು ಉಸಿರುಕಟ್ಟಿಸಿ ಕೊಲ್ಲುವುದು ಪಾಪ, ಆ ಪಾಪ ಒಬ್ಬರ ತಲೆಗೆ ಬರಬಾರದು. ಅದಕ್ಕೇ ಕುರಿಮರಿ ಕಳೆದುಕೊಂಡ ಪ್ರತಿ ಮನೆಯಿಂದಲೂ ಒಂದು ಹೊರೆ ರಾಗಿಹುಲ್ಲು ಬರಬೇಕು, ಎಲ್ಲರ ಹುಲ್ಲೂ ಒಟ್ಟಿಗೆ ಉರಿಯಬೇಕು. ಒಂದು ಮನೆಯದು ತಪ್ಪಿದರೂ ಬೆಂಕಿ ಹಚ್ಚುವಂತಿಲ್ಲ. ಹಚ್ಚಿದರೆ ಪಾಪ ಮಂದೆಗೇ ತಗಲಿ ಗಬ್ಬದ ಕುರಿಗಳು ಕಂದು ಹಾಕುತ್ತವೆ ಎಂದು ನಂಬಿದ್ದರು.

ಕೊಲ್ಲಾಪುರಮ್ಮ ಅವತ್ತು ಗುಬ್ಬಿಗೆ ಹೋಗಿದ್ದಳು. ಸಂಜೆ ಬಸ್ಸಿಳಿದು ಚಾವಡಿಯ ಮುಂದೆ ಬಂದಾಗ ಹುಲ್ಲಿನ ಹೊರೆಗಳ ರಾಶಿ ಬಿದ್ದಿತ್ತು. ಸುತ್ತ ಗಂಡಸರು. ಅವಳು ರಾಶಿಯಲ್ಲೊಂದು ಹೊರೆಯ ಗಂಟು ನೋಡಿ ನಿಂತಳು. ಕತ್ತಾಳೆ ನಾರನ್ನು ಎರಡು ಸುತ್ತು ತಿರುವಿ ಗಂಟು ಹಾಕುವುದು ಆ ಊರಲ್ಲಿ ಅವಳೊಬ್ಬಳೇ.

“ಈ ಹೊರೆ ಯಾರ ಮನೇದು?”

“ನಿಂದೇ ಅತ್ಗೆ,” ಅಂದ ಅಣ್ಣಯ್ಯಪ್ಪ. “ನೀನು ಗುಬ್ಬಿಗೆ ಹೋಗಿದ್ಯಲ್ಲ, ನಾನೇ ಮೆದೆಯಿಂದ ಕಿತ್ಕೊಂಡ್ ಬಂದೆ. ಒಂದ್ ಹೊರೆ ತಾನೆ.”

“ನಾನು ಸತ್ತೋಗಿದ್ರೆ ನೀನು ತರಬೋದಾಗಿತ್ತು. ಬದುಕಿವ್ನಿ ಕಣಪ್ಪ.”

ಕೈಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹೊರೆಯನ್ನು ಎಳೆದು ತಲೆಯ ಮೇಲಿಟ್ಟುಕೊಂಡಳು. ಜಗಲಿಯ ಮೇಲಿದ್ದ ರಂಗಣ್ಣ ನಕ್ಕ. “ನೋಡ್ರಪ್ಪ, ತೋಳನಿಗೆ ಬಾಣಂತನ ಮಾಡೋಕೆ ಹೊಂಟವ್ಳೆ.”

“ಮಾಡ್ತೀನಿ. ನಿನ್ನೆಂಡ್ತಿ ಬಾಣಂತನ ನಾನೇ ಅಲ್ವೇನ್ಲಾ ಮಾಡಿದ್ದು? ಅದಕ್ಕಿಂತ ಇದೇನು ಕಷ್ಟ ಇರಕ್ಕಿಲ್ಲ ಬುಡು.”

ನಗು ರಂಗಣ್ಣನ ಮೇಲೆಯೇ ತಿರುಗಿತು. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಅವಳಿಗೆ ತೋಳದ ಮೇಲೆ ಯಾವ ಕನಿಕರವೂ ಇರಲಿಲ್ಲ. ತನ್ನ ಮರಿ ಹೋದ ದಿನ ಮಣ್ಣು ತೂರಿ ಶಪಿಸಿದವಳು. ಯಾರಾದರೂ ಮನೆ ಬಾಗಿಲಿಗೆ ಬಂದು ‘ಒಂದು ಹೊರೆ ಕೊಡಮ್ಮ’ ಎಂದಿದ್ದರೆ ಕೊಟ್ಟುಬಿಡುತ್ತಿದ್ದಳೇನೋ. ಹುಲ್ಲು ಅವಳದು, ಗುಡ್ಡೆ ಅವಳದು, ಕೊನೆಗೆ ಪಾಪದ ಪಾಲೂ ಅವಳದು. ಅವಳನ್ನು ಬಿಟ್ಟು ಉಳಿದವರೆಲ್ಲ ಸೇರಿ ಮಾತು ಮುಗಿಸಿದ್ದರು.

ಕುರಿಯವರಲ್ಲಿ ಹಿರಿಯ ಚಿಕ್ಕಬೀರಯ್ಯ. ಕಂಬಳಿ ಹೊದ್ದು ಕಂಬಕ್ಕೊರಗಿ ಕೂತಿದ್ದ ಅವನು, “ಹುಲ್ಲು ಹೋಯ್ತಲ್ಲ. ಇನ್ನು ಬೆಂಕಿ ಇಲ್ಲ,” ಅಂದ.

“ಅಣ್ಣನ ಹೆಸರಲ್ಲಿ ನಾನು ಎರಡು ಹೊರೆ ಹಾಕ್ತೀನಿ,” ಅಂದ ಅಣ್ಣಯ್ಯಪ್ಪ.

“ಅದು ನಿನ್ನ ಹುಲ್ಲಾಯ್ತದೆ. ಆ ಮನೇದು ಹೆಂಗಾದಾತು?” ಮುದುಕ ಕೊಲ್ಲಾಪುರಮ್ಮನ ಕಡೆ ತಿರುಗಿದ. ಅವನ ದನಿಯಲ್ಲೂ ಸ್ನೇಹವಿರಲಿಲ್ಲ. “ನೋಡವ್ವ, ತೋಳ ಇಟ್ಕೊಂಡಿರೋ ಹೊಲಕ್ಕೆ ನಮ್ಮ ಮಂದೆ ಬರಕ್ಕಿಲ್ಲ. ಈ ವರ್ಷ ಒಂದೇ ಅಲ್ಲ. ಯೋಚ್ನೆ ಮಾಡು.”

ಮಂದೆ ಬೀಳದ ಹೊಲ ಎಂದರೇನೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ತಲೆಯ ಮೇಲಿನ ಹೊರೆಯನ್ನು ಸರಿಮಾಡಿಕೊಂಡಳು. “ಬರಬ್ಯಾಡಿ,” ಎಂದು ಮನೆಯ ದಾರಿ ಹಿಡಿದಳು.

ಅಣ್ಣಯ್ಯಪ್ಪ ಅಷ್ಟಕ್ಕೇ ಬಿಡುವವನಲ್ಲ. ಹೊಗೆಗೆ ತಾನೆ ಕಟ್ಟು, ಹಾರೆ ಗುದ್ದಲಿಗೆ ಇಲ್ಲವಲ್ಲ. ಬೆಳಿಗ್ಗೆ ಹೋಗಿ ಗವಿ ಬಗೆದುಬಿಡೋಣ ಎಂದು ಮಾತಾಡಿಕೊಂಡರಂತೆ. ಅದನ್ನು ಬಂದು ಹೇಳಿದವಳು ಚೆನ್ನಮ್ಮ, ಅಣ್ಣಯ್ಯಪ್ಪನ ಹೆಂಡತಿ, ಕೊಲ್ಲಾಪುರಮ್ಮನ ಓರಗಿತ್ತಿ. ಮೂಡಲು ಕೆಂಪಾಗುವ ಮೊದಲೇ ಕೊಲ್ಲಾಪುರಮ್ಮ ಒಂದು ಗೋಣಿಚೀಲ ಹಾಸಿಕೊಂಡು ಗವಿಯ ಬಾಯಿಗೆ ಬೆನ್ನು ಕೊಟ್ಟು ಕೂತಿದ್ದಳು.

ಅವಳು ತೋಳವನ್ನು ಹತ್ತಿರದಿಂದ ನೋಡಿದ್ದು ಆಗಲೇ. ಅಲ್ಲಿಯವರೆಗೆ ತೋಳ ಎಂದರೆ ಓಡಿಹೋಗುವ ಒಂದು ಬೆನ್ನು, ಅಷ್ಟೆ. ಈಗ ಎತ್ತಿನ ಗಾಡಿಯ ಮೂಕಿಯಷ್ಟು ದೂರದಲ್ಲಿ ಬಂಡೆಯ ಮೇಲೆ ತಾಯಿ ನಿಂತಿತ್ತು. ಬಣ್ಣ ಒಣಗಿದ ಹುಲ್ಲಿನದು. ಕಾಲು ನಾಯಿಗಿಂತ ಉದ್ದ, ಎದೆ ಕಿರಿದು, ಜೋತುಬಿದ್ದ ಮೊಲೆಗಳು. ಪಕ್ಕೆಯ ಎಲುಬುಗಳು ಒಂದೊಂದಾಗಿ ಕಾಣುತ್ತಿದ್ದವು. ಊರನ್ನೆಲ್ಲ ಹೆದರಿಸಿದ ಪ್ರಾಣಿ ಇಷ್ಟು ಬಡಕಲು ಎಂದು ಅವಳು ಎಣಿಸಿರಲಿಲ್ಲ. ಅದು ಗುರುಗುಟ್ಟಲಿಲ್ಲ, ಹಲ್ಲು ತೋರಿಸಲಿಲ್ಲ. ಹಳದಿ ಕಣ್ಣಿನಿಂದ ಅವಳನ್ನೂ ಗವಿಯ ಬಾಯನ್ನೂ ನೋಡುತ್ತಾ ಕಾಲು ಬದಲಾಯಿಸಿ ಬದಲಾಯಿಸಿ ನಿಂತಿತು.

ಅವಳಿಗೆ ಎದ್ದು ಓಡಬೇಕೆನಿಸಿತು. ಓಡಿದರೆ ಅಣ್ಣಯ್ಯಪ್ಪ ಎದುರಿಗೆ ಸಿಗುತ್ತಾನಲ್ಲ ಎಂದು ಕೂತೇ ಇದ್ದಳು. ಅಷ್ಟರಲ್ಲಿ ಬೆನ್ನ ಹಿಂದೆ ಏನೋ ಸೆರಗು ಎಳೆಯಿತು. ತಿರುಗಿ ನೋಡಿದರೆ ಮರಿ. ಮಸಿ ಬಳಿದಂಥ ಕಂದು ಮೈ, ಎದೆಯ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಚ್ಚೆ, ನೀಲಿ ಮಾಸದ ಕಣ್ಣು. ಸೆರಗಿನ ಅಂಚನ್ನು ಕಚ್ಚಿಕೊಂಡು ಹಿಂದಕ್ಕೆ ಜಗ್ಗುತ್ತಿತ್ತು. ಅದರ ಹಿಂದೆ ಇನ್ನೂ ಎರಡು ಮೂರು ಮೂತಿ. ಮಣ್ಣಿನ, ಹಳಸಿದ ಮಾಂಸದ, ಹಾಲಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು.

“ಬುಡ್ಲೇ, ಇರೋದೇ ಎರಡು ಸೀರೆ,” ಎಂದು ಅವಳು ಸೆರಗು ಬಿಡಿಸಿಕೊಂಡಳು.

ಬಿಸಿಲೇರುವ ಹೊತ್ತಿಗೆ ಹಾರೆ ಹಿಡಿದು ಗಂಡಸರು ಬಂದರು. ತಾಯಿ ತೋಳ ಬಂಡೆ ಇಳಿದು ಮಾಯವಾಯಿತು. ವಿಧವೆ ಅತ್ತಿಗೆಯ ಮೈ ಮುಟ್ಟಿ ಎಬ್ಬಿಸುವಂತಿಲ್ಲ. ಅಣ್ಣಯ್ಯಪ್ಪ ಚೆನ್ನಮ್ಮನನ್ನು ಕರೆತರಿಸಿ, “ಎಳ್ದು ಈಚೆಗೆ ಹಾಕೇ,” ಅಂದ. ಚೆನ್ನಮ್ಮ ಹತ್ತಿರ ಬಂದಳು, ಗೋಣಿಚೀಲದ ಇನ್ನೊಂದು ತುದಿಯಲ್ಲಿ ಕೂತಳು.

“ಏನೇ?”

“ಸೊಂಟ ನೋವು. ನಿನ್ನೆಯಿಂದ ಹೇಳ್ತಾನೇ ಇವ್ನಿ, ನಿಮಗೆ ಕೇಳಿಸ್ತಾ? ಭಾರ ಎತ್ತೋಕಾಗಕ್ಕಿಲ್ಲ.”

ಗಂಡಸರು ಹಾರೆ ಕೆಳಗಿಟ್ಟರು. ‘ಎಷ್ಟು ದಿನ ಕೂತಾಳು, ನೋಡೋಣ’ ಎಂದು ಅಣ್ಣಯ್ಯಪ್ಪ ತನ್ನ ಹೊಲದ ಹುಣಸೆಮರದ ಬುಡದಲ್ಲಿ ಕಾವಲು ಕೂತ. ಕತ್ತಲಾದ ಮೇಲೆ ತೋಳದ ಗವಿಯ ಹತ್ತಿರ ಯಾರೂ ಸುಳಿಯುವವರಲ್ಲ; ಹಗಲಲ್ಲಿ ಮಾತ್ರ ಅವಳು ಎದ್ದು ಹೋದ ಗಳಿಗೆಯಲ್ಲೇ ಗುದ್ದಲಿ ಬೀಳುವುದು ಖಾತ್ರಿಯಾಗಿತ್ತು.

ಮರುದಿನ ಇನ್ನೂ ಮಸುಕಿರುವಾಗ ಅವಳು ಗುಡ್ಡೆ ಹತ್ತುತ್ತಿದ್ದಳು. ತಾಯಿ ತೋಳ ಎದುರಿಗೇ ಬಂತು. ಬಾಯಲ್ಲಿ ತನ್ನ ಮರಿಯೊಂದು ಜೋತಾಡುತ್ತಿತ್ತು. ಅವಳನ್ನು ಸುತ್ತುಬಳಸಿ, ಹೊಲದ ಅಂಚಿನ ತೆವರಿ ದಾಟಿ, ಕತ್ತಾಳೆ ಸಾಲಿನ ಹಿಂದಿನ ಮಣ್ಣುದಿಬ್ಬದೊಳಕ್ಕೆ ನುಗ್ಗಿತು. ಹಿಂದೊಮ್ಮೆ ಮುಳ್ಳುಹಂದಿ ತೋಡಿದ ಬಿಲ ಅಲ್ಲಿತ್ತು. ಸ್ವಲ್ಪ ಹೊತ್ತಿಗೆ ಖಾಲಿ ಬಾಯಲ್ಲಿ ಬಂದು, ಇನ್ನೊಂದನ್ನು ಕಚ್ಚಿಕೊಂಡು ಹೋಯಿತು. ಅದೇ ಕೊನೆಯದು. ಕೊಲ್ಲಾಪುರಮ್ಮ ಗವಿಗೆ ತಲೆ ಹಾಕಿ ನೋಡಿದಳು. ಒಳಗೆ ಒಂದು ಸದ್ದೂ ಇಲ್ಲ. ಮನುಷ್ಯರ ಓಡಾಟ ಕಂಡ ತೋಳ ಮನೆ ಬದಲಿಸಿತ್ತು.

ಆ ದಿಬ್ಬ ಅಣ್ಣಯ್ಯಪ್ಪನ ಹೊಲದ್ದು.

ಇನ್ನು ಮನೆಗೆ ಹೋಗಬಹುದಿತ್ತು. ಆದರೆ ಅವಳು ಹೋದರೆ ಗಂಡಸರು ಖಾಲಿ ಗವಿ ಬಗೆಯುತ್ತಾರೆ, ಖಾಲಿ ಎಂದು ತಿಳಿದ ಮೇಲೆ ಸುತ್ತಲೂ ಹುಡುಕುತ್ತಾರೆ. ಮರಿಗಳಿಗೆ ಇನ್ನೂ ಓಡುವ ಕಾಲಿಲ್ಲ. ಅವಳು ಗೋಣಿಚೀಲ ಕೊಡವಿ ಅದೇ ಜಾಗದಲ್ಲಿ ಹಾಸಿ, ಖಾಲಿ ಗವಿಗೆ ಬೆನ್ನು ಕೊಟ್ಟು ಕೂತಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಹುರಿಗಾಳು ಬಾಯಿಗೆ ಹಾಕಿಕೊಂಡಳು.

ಮುಂದಿನ ದಿನಗಳೆಲ್ಲ ಇದೇ ನಡೆಯಿತು. ಅವಳು ಕೂತಿದ್ದಾಳೆಂದರೆ ಮರಿಗಳು ಅಲ್ಲೇ ಇವೆ ಎಂದು ಊರು ನಂಬಿತ್ತು. ರಾಗಿ ಬೀಸುವ ಕೆಲಸ, ಕುರಿ ಹೊಡೆಯುವ ಕೆಲಸವನ್ನೆಲ್ಲ ಚೆನ್ನಮ್ಮ ಗಂಡನ ಕಣ್ಣು ತಪ್ಪಿಸಿ ಹಂಚಿಕೊಂಡಳು. ಹುಣಸೆಮರದ ಕೆಳಗಿಂದ ಅಣ್ಣಯ್ಯಪ್ಪ ಆಗಾಗ ಕೂಗುತ್ತಿದ್ದ.

“ಅತ್ಗೆ, ಬಿಸಿಲಿಗೆ ತಲೆ ಕೆಟ್ಟಾತು. ಇಳ್ದು ಬಾ.”

“ನಿನ್ನ ಹೊಲ ನೋಡ್ಕೊ ಹೋಗಪ್ಪ,” ಎಂದು ಅವಳು ಕೂಗುತ್ತಿದ್ದಳು. ಮನಸ್ಸಿಟ್ಟೇ ಹೇಳುತ್ತಿದ್ದಳು. ಅವನು ನೋಡಿಕೊಳ್ಳಲಿಲ್ಲ.

ಶಿವರಾತ್ರಿ ಸಮೀಪಿಸಿದಾಗ ಒಂದು ಮುಂಜಾನೆ ರಂಗಣ್ಣ ಕತ್ತಾಳೆ ಪಟ್ಟೆ ಕೊಯ್ಯಲು ಹೋಗಿದ್ದ. ಅಣ್ಣಯ್ಯಪ್ಪನ ದಿಬ್ಬದ ಮೇಲೆ ಐದು ಮರಿಗಳು ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ಅವನು ಕೂಗಿಕೊಂಡು ಬರುವಷ್ಟರಲ್ಲಿ ತಾಯಿಯ ಹಿಂದೆ ಬಯಲು ದಾಟಿ ಹೋದವು. ಆಗ ಅವುಗಳ ಕಾಲು ಗಟ್ಟಿಯಾಗಿದ್ದವು, ಯಾರ ಕೈಗೂ ಸಿಗುವಂತಿರಲಿಲ್ಲ. ಚಾವಡಿಯಲ್ಲಿ ಬಾಣಂತನದ ಮಾತು ಈ ಸಲ ಅಣ್ಣಯ್ಯಪ್ಪನ ಹೆಸರಿಗೆ ಹತ್ತಿತು.

ಅವನು ಓಡುತ್ತಲೇ ಅತ್ತಿಗೆಯ ಅಂಗಳಕ್ಕೆ ಬಂದ. “ನನ್ನ ಹೊಲದಾಗಿದ್ವಾ? ನಿಂಗೊತ್ತಿತ್ತಾ?”

“ಗೊತ್ತಿತ್ತು.”

“ಹೇಳ್ಬಾರ್ದಾಗಿತ್ತಾ?”

“ನೀನು ಕೇಳ್ಬಾರ್ದಾಗಿತ್ತಾ?”

ಗೆದ್ದದ್ದಕ್ಕೆ ಅವಳು ಬೆಲೆ ತೆತ್ತಳು. ಚಿಕ್ಕಬೀರಯ್ಯ ಮಾತಿಗೆ ತಪ್ಪುವವನಲ್ಲ. ಆ ಬೇಸಿಗೆ ಅವಳ ಹೊಲಕ್ಕೆ ಒಂದು ಕುರಿಯೂ ಕಾಲಿಡಲಿಲ್ಲ. ಮುಂಗಾರಿನ ರಾಗಿ ಮೊಣಕಾಲು ದಾಟದೆ ತೆನೆ ಬಿಟ್ಟಿತು. ಮರುವರ್ಷ ಒಣಗಿದ ಕೆರೆಯ ಗೋಡು ಮಣ್ಣನ್ನು ಗಾಡಿಯಲ್ಲಿ ಹೇರಿಸಿ ತಾನೇ ಹರಡಿದಳು. ಹೆಣ್ಣುಮರಿಗಳನ್ನು ಕುಣಿಗಲ್ ಸಂತೆಗೆ ಹೊಡೆಯುವುದನ್ನು ನಿಲ್ಲಿಸಿದಳು. ಕೆಲವು ವರ್ಷಗಳಲ್ಲಿ ಹತ್ತು ಕುರಿ ಒಂದು ಮಂದೆಯಾಯಿತು. ತನ್ನ ಹೊಲಕ್ಕೆ ತಾನೇ ಮಂದೆ ಹಾಕಿದಳು. ಆಮೇಲೆ ಚಿಕ್ಕಬೀರಯ್ಯ ಹೇಳಿಕಳಿಸಿದ, ಬೇಕಿದ್ದರೆ ಬರುತ್ತೇವೆ ಎಂದು. ಬೇಡ ಎಂದು ಉತ್ತರ ಹೋಯಿತು.

ಬಂಡೆಗುಡ್ಡೆಯನ್ನು ತೋಳ ಮರೆಯಲಿಲ್ಲ. ಒಂದು ವರ್ಷ ಬಿಟ್ಟು ಒಂದು ವರ್ಷವಾದರೂ ಮರಿ ಹಾಕುತ್ತಿತ್ತು. ಎಂಬತ್ತನಾಲ್ಕರಲ್ಲಿ ಇದನ್ನು ಕೇಳಿ ಪರಮಶಿವಯ್ಯ ಎಂಬ ಬ್ಯಾಂಕ್ ನೌಕರರು ದುರ್ಬೀನು ನೇತುಹಾಕಿಕೊಂಡು ಬಂದರು. ತುಮಕೂರಿನ ಉಪ್ಪಾರಹಳ್ಳಿಗೆ ಮದುವೆಯಾಗಿ ಹೋಗಿದ್ದ ಕೊಲ್ಲಾಪುರಮ್ಮನ ಮಗಳ ನೆರೆಮನೆಯವರು. ಅವಳು ಅವರನ್ನು ತಾನು ಕೂರುತ್ತಿದ್ದ ಜಾಗದಿಂದ ಆಚೆ, ಗಾಳಿ ಎದುರು ಬೀಸುವ ಕಡೆ ಕೂರಿಸಿ ಕೆಮ್ಮಬೇಡಿ ಎಂದಳು. ಸೂರ್ಯ ಇಳಿಯುವಾಗ ಮರಿಗಳು ಹೊರಬಂದವು. ಅವರು ದುರ್ಬೀನು ಕೆಳಗಿಳಿಸಿದರು. ಅದರ ಅಗತ್ಯವೇ ಇರಲಿಲ್ಲ.

“ಇವನ್ನ ಕೊಲ್ಲಬಾರದು ಅಂತ ಕಾನೂನೇ ಇದೆ ತಾಯಿ,” ಎಂದರು ವಾಪಸು ಬರುವಾಗ.

“ಅಂಗಾರೆ ಆ ಕಾನೂನು ಅವತ್ತೆಲ್ಲಿ ಹೋಗಿತ್ತು ಸ್ವಾಮಿ? ಬಂಡೆ ಮೇಲೆ ನಾನೊಬ್ಳೇ ಇದ್ದೆ.”

ಪರಮಶಿವಯ್ಯ ನಕ್ಕು ಒಪ್ಪಿಕೊಂಡರು. “ನಿಮಗೆ ತೋಳ ಅಂದ್ರೆ ಅಷ್ಟು ಪ್ರೀತಿನಾ?”

“ಪ್ರೀತಿ ಎಲ್ಲಿ ಬಂತು. ನನ್ನ ಮರಿಗಳನ್ನ ತಿಂದು ಬೆಳ್ದವೆ ಮುಂಡೇವು.”

ಅದು ಸುಳ್ಳಲ್ಲ. ಎಂಬತ್ತಾರರ ಚಳಿಗಾಲದ ಒಂದು ಬೆಳಿಗ್ಗೆ, ಅವಳ ಮಂದೆಯಲ್ಲೇ ಒಳ್ಳೆಯದೆನಿಸಿದ ಕುರಿಯ ಮರಿಯನ್ನು ತೋಳ ಹೊತ್ತೊಯ್ದಿತು. ಕೊಲ್ಲಾಪುರಮ್ಮ ಬಂಡೆಯ ಬುಡಕ್ಕೆ ಹೋಗಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಬಾಯಿತುಂಬ ಬೈಯತೊಡಗಿದಳು. ನಿಮ್ಮ ವಂಶ ಹಾಳಾಗ, ನಿಮ್ಮ ಹಲ್ಲಿಗೆ ಹುಳ ಬೀಳ, ಹೊಟ್ಟೆ ತುಂಬಿದ ಮೇಲೂ ನನ್ನ ಹಟ್ಟಿಯೇ ಬೇಕಾಯ್ತಾ. ದನಿ ಎರಡು ಹೊಲದಾಚೆಗೂ ಕೇಳುತ್ತಿತ್ತು. ಗವಿಯ ಸಂದಿನಿಂದ ಒಂದು ಜೊತೆ ಕಿವಿ ಎದ್ದು ಅವಳ ಕಡೆ ತಿರುಗಿತು.

ಕೂಗು ಕೇಳಿ ಅಣ್ಣಯ್ಯಪ್ಪ ದೊಣ್ಣೆ ಹಿಡಿದು ತೆವರಿ ಹತ್ತಿ ಬಂದ. ಅವನಿಗೂ ಕೂದಲು ನರೆತಿತ್ತು.

“ಈಗ್ಲಾದ್ರೂ ಬುದ್ಧಿ ಬಂತಾ ಅತ್ಗೆ? ಹೇಳು, ನಾಲ್ಕಾಳು ಕರ್ಕೊಂಡ್ ಬತ್ತೀನಿ.”

“ಮರಿ ನಂದು, ಗುಡ್ಡೆ ನಂದು. ಬೈಯೋದೂ ನಂದೇ ಕೆಲ್ಸ. ನೀನ್ಯಾಕಪ್ಪ ಬಂದೆ?”

ಅವನು ದೊಣ್ಣೆಯನ್ನು ಹೆಗಲಿಗೇರಿಸಿ, ಬಂದ ದಾರಿಯಲ್ಲೇ ಇಳಿದುಹೋದ. ಅವನು ತೆವರಿ ದಾಟುವವರೆಗೂ ಕೊಲ್ಲಾಪುರಮ್ಮ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಗವಿಯ ಕಡೆ ತಿರುಗಿ, ನಿಲ್ಲಿಸಿದಲ್ಲಿಂದಲೇ ಬೈಗುಳ ಮುಂದುವರಿಸಿದಳು.