ಎನಿಡ್‌ಗೆ ಮಸಿ ಹಾಕಬೇಡ

ಸೆತ್ ಹೆಲಿವೆಲ್ ನೆಲ ನೋಡಿಕೊಂಡು ನಡೆದದ್ದನ್ನು ನಾನಂತೂ ಕಂಡಿಲ್ಲ. ಕಾಲು ನಮ್ಮೂರು ಟಾಡ್‌ಮರ್ಡನ್ನಿನ ಕಲ್ಲುಹಾಸಿನ ಮೇಲಿರುತ್ತಿತ್ತು, ಕಣ್ಣು ಮಾತ್ರ ಗುಡ್ಡದ ಮೇಲಿನ ಮೋಡದಲ್ಲಿ. ಮಾರುಕಟ್ಟೆಯಲ್ಲಿ ಆಲೂಗಡ್ಡೆ ಕೊಳ್ಳುತ್ತಿದ್ದವನು ಚೀಲ ಅಲ್ಲೇ ಬಿಟ್ಟು ನನ್ನ ತೋಳು ಜಗ್ಗುತ್ತಿದ್ದ.

"ಥೆಲ್ಮಾ, ಅಲ್ನೋಡು. ಆ ಮೋಡದ ಬಾಯಿಗೆ ನಮ್ಮ ಕಾಲುವೇಲಿರೋ ಥರ ದೋಣಿ ಎತ್ತೋ ಲಾಕ್‌ಗೇಟ್ ಒಂದು ಕೂರಿಸಿ ನೀರು ಬಿಟ್ರೆ, ದೋಣಿ ಸಲೀಸಾಗಿ ಮೇಲೆ ಹತ್ತುತ್ತೆ."

"ಹತ್ತುತ್ತೆ, ಹತ್ತುತ್ತೆ. ಆಲೂಗಡ್ಡೆ ಯಾರು ಹೊರ್ತಾರೆ, ನಿಮ್ಮಪ್ಪನಾ?"

ಹೊರುತ್ತಿದ್ದವಳು ನಾನೇ. ಅವನ ಮೋಡಗಳನ್ನೂ ನಾನೇ ಹೊತ್ತೆ. ಅವನು ಪೆನ್ಸಿಲ್ಲಿನಲ್ಲಿ ಬರೆದ ಚಿತ್ರಗಳ ಮೇಲೆ ಕುಂಚದಿಂದ ಕರಿಮಸಿ ಹಾಕುವುದು ನನ್ನ ಕಸುಬು. "ಓಹೋ, ಬೇರೆಯವರು ಬರೆದ ಗೆರೆ ಮೇಲೆ ಗೆರೆ ಎಳೀತೀರಾ?" ಎಂದು ಕೇಳುವ ಜಾಣರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ಅವರಿಗೆಲ್ಲ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಮ್ಮ ಪ್ರಕಾಶನದ ಹೆಸರು ಮಸಿಕಾಗೆ. ಉಣ್ಣೆ ಅಂಗಡಿಯ ಮಹಡಿಯ ಮೇಲೆ ಒಂದೇ ಕೋಣೆ. ಕಿಟಕಿ ತೆರೆದರೆ ಕಾಲುವೆ, ಮುಚ್ಚಿದರೆ ಕೆಳಗಿನ ಉಣ್ಣೆಯ ವಾಸನೆ. ಒಡತಿ ಮೊರೀನ್ ಕ್ರ್ಯಾಬ್‌ಟ್ರೀ ಬೆಳಿಗ್ಗೆ ಶಾಲಾ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿ, ಮಧ್ಯಾಹ್ನ ಇಲ್ಲಿಗೆ ಬಂದು ಚಿತ್ರಕಥೆಯ ಪುಸ್ತಕ ಅಚ್ಚು ಹಾಕಿಸುತ್ತಿದ್ದಳು. ಪುಟ ಮಡಚಿ ಪಿನ್ನು ಹೊಡೆಯಲು ಎಲ್ಲರೂ ಕೂರಬೇಕು. ಲಂಡನ್ನಿನ ದೊಡ್ಡ ಕಂಪನಿಗಳು ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೂ ಮೊರೀನ್‌ಗೆ ರಕ್ಷಾಪುಟ ಮಾತ್ರ ಬಣ್ಣದಲ್ಲೇ ಆಗಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಆ ಜಾತಿ.

ಸೆತ್ ಮೊದಲು ನೇಯ್ಗೆ ಗಿರಣಿಯಲ್ಲಿ ಬಟ್ಟೆಯ ಮೇಲೆ ಬರುವ ವಿನ್ಯಾಸಗಳನ್ನು ಬರೆಯುತ್ತಿದ್ದ. ಗಿರಣಿ ಮುಚ್ಚಿತು. ಕೈ ಸುಮ್ಮನಿರಲಿಲ್ಲ, ಗೋಡೆ, ಪೇಪರು, ಸಕ್ಕರೆ ಪೊಟ್ಟಣ ಯಾವುದನ್ನೂ ಬಿಡಲಿಲ್ಲ. ಅವನ ಹೆಂಡತಿ ಎನಿಡ್ ಒಂದು ದಿನ ಅವನ ಕತ್ತಿಗೆ ಕೈ ಹಾಕಿ ನಮ್ಮ ಮಹಡಿಗೆ ದೂಡಿಕೊಂಡು ಬಂದಳು. "ಇವನನ್ನ ಇಟ್ಕೊಳ್ಳಿ. ಮನೇಲಿ ಕೂತು ನನ್ನ ತಲೆ ತಿಂತಿದಾನೆ. ಮೋಡ, ಮೋಡ, ಮೋಡ! ಅದನ್ನ ಕಾಗದಕ್ಕಾದ್ರೂ ಇಳಿಸ್ಲಿ." ಹೀಗೆ ಹುಟ್ಟಿದ್ದು ನಮ್ಮ 'ಮೋಡಗಾಲುವೆ' ಚಿತ್ರಕಥೆ. ಆಕಾಶದಲ್ಲಿ ಒಂದು ಕಾಲುವೆ, ಅದರ ಮೇಲೆ ಕಲ್ಲಿದ್ದಲು ಸಾಗಿಸುವ ಉದ್ದನೆಯ ದೋಣಿ, ದೋಣಿಗೆ ಕ್ಯಾಪ್ಟನ್ ಆಂಬ್ಲರ್ ಎಂಬ ಮುದುಕ. ಆಂಬ್ಲರ್‌ನ ಮುಖ ಸೆತ್‌ನದೇ. ಅದನ್ನು ಒಪ್ಪಿಕೊಳ್ಳೆಂದರೆ ಸಿಟ್ಟಾಗುತ್ತಿದ್ದ. ಆ ದೋಣಿ ಕಲ್ಲಿದ್ದಲನ್ನು ಯಾರಿಗೆ ತಲುಪಿಸುತ್ತಿತ್ತು ಎಂದು ಯಾವ ಓದುಗನೂ ಕೇಳಲಿಲ್ಲ. ದೋಣಿ ಹೋಗುತ್ತಿತ್ತು, ಕೆಳಗೆ ಊರುಗಳು ಮಲಗಿರುತ್ತಿದ್ದವು, ಹೊಗೆಗೊಳವೆಗಳ ತುದಿಗೆ ಆಂಬ್ಲರ್ ದೋಣಿ ಕಟ್ಟಿ ಚಹಾ ಕುಡಿಯುತ್ತಿದ್ದ.

ಎನಿಡ್ ವಾರಕ್ಕೊಮ್ಮೆ ಪಾರ್ಕಿನ್ ತರುತ್ತಿದ್ದಳು. ಓಟ್ಸಿನ ಹಿಟ್ಟು, ಶುಂಠಿ, ಕಪ್ಪು ಕಾಕಂಬಿ ಹಾಕಿ ಬೇಯಿಸಿದ ಕೇಕು. ತಿಂದ ಕೈಯಲ್ಲಿ ಪುಟ ಮುಟ್ಟಿದರೆ ಬೆರಳಿಗೇ ಬಾರಿಸುತ್ತಿದ್ದಳು. ಒಂದು ಚಳಿಗಾಲ ಅವಳಿಗೆ ಕೆಮ್ಮು ಹಿಡಿಯಿತು, ಎದೆಗಿಳಿಯಿತು. ಹೂ ಬಿಡುವ ಹೊತ್ತಿಗೆ ಎನಿಡ್ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಸೆತ್ ಬಹಳ ದಿನ ಮಹಡಿ ಹತ್ತಲಿಲ್ಲ. ಹತ್ತಿದ ದಿನ ಪುಟಗಳನ್ನು ನನ್ನ ಮುಂದಿಟ್ಟು, ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತ.

ಇಲ್ಲಿ ನಮ್ಮ ಕೆಲಸದ ರೀತಿ ಒಂದಿಷ್ಟು ಹೇಳಬೇಕು. ಸೆತ್ ಬರೆಯುತ್ತಿದ್ದುದು ತಿಳಿನೀಲಿ ಪೆನ್ಸಿಲ್ಲಿನಲ್ಲಿ. ಅಚ್ಚಿನವರ ಕ್ಯಾಮೆರಾಕ್ಕೆ ಆ ನೀಲಿ ಕಾಣುವುದಿಲ್ಲ, ಕಪ್ಪು ಮಾತ್ರ ಕಾಣುತ್ತದೆ. ಹಾಗಾಗಿ ನಾನು ಮಸಿ ಹಾಕಿದ್ದಷ್ಟೇ ಪುಸ್ತಕಕ್ಕೆ ಹೋಗುತ್ತದೆ; ಹಾಕದೆ ಬಿಟ್ಟದ್ದು ಕಾಗದದ ಮೇಲೇ ಉಳಿಯುತ್ತದೆ, ಲೋಕದ ಕಣ್ಣಿಗೆ ಬೀಳುವುದಿಲ್ಲ. ನೀಲಿಯನ್ನು ಅಳಿಸುವ ಗೋಜೇ ಇಲ್ಲ.

ಆ ಪುಟಗಳನ್ನು ನೋಡಿದೆ. ಆಂಬ್ಲರ್ ಚುಕ್ಕಾಣಿ ಹಿಡಿದು ಮುಂದೆ ನೋಡುತ್ತಿದ್ದಾನೆ. ಅವನ ಹಿಂದೆ, ದೋಣಿಯ ಬಾಲದ ಕಡೆ, ತಲೆಗೆ ಸ್ಕಾರ್ಫು ಕಟ್ಟಿದ ಹೆಂಗಸೊಬ್ಬಳು ನಿಂತಿದ್ದಾಳೆ. ಮುಂದಿನ ಚಿತ್ರದಲ್ಲೂ ಇದ್ದಾಳೆ. ಅದರ ಮುಂದಿನದರಲ್ಲಿ ಮೋಡದ ದಂಡೆಯ ಮೇಲೆ ಬಟ್ಟೆ ಒಣಗಿಸುತ್ತಿದ್ದಾಳೆ.

"ಸೆತ್, ಇದು..."

"ಯಾರು ಅಂತ ಕೇಳ್ಬೇಡ. ನಿಂಗೆ ಗೊತ್ತು."

"ಗೊತ್ತು."

"ಅವಳಿಗೆ ಮಸಿ ಹಾಕಬೇಡ, ಹುಡುಗಿ. ಮಸಿ ಹಾಕಿದ್ರೆ ಅವಳು ಅಲ್ಲೇ ನಿಂತ್ಬಿಡ್ತಾಳೆ. ಪೆನ್ಸಿಲ್ಲಲ್ಲಿದ್ರೆ ಓಡಾಡ್ಕೊಂಡಿರ್ತಾಳೆ." ಕಿಟಕಿಯಿಂದ ತಿರುಗದೆಯೇ ಮುಂದುವರಿಸಿದ: "ಇದು ನಿನ್ನ ನನ್ನ ನಡುವೆ. ಬೇರೆ ಯಾರ ಕಣ್ಣಿಗಾದ್ರೂ ಅವಳು ಬಿದ್ಲೋ, ಅವತ್ತೇ ನಾನು ಪೆನ್ಸಿಲ್ ಕೆಳಗಿಟ್ಟೆ ಅಂತ ತಿಳ್ಕೋ."

ನನ್ನ ವಯಸ್ಸಿನವಳನ್ನು ಹುಡುಗಿ ಎಂದು ಕರೆಯುವವನು ಅವನೊಬ್ಬನೇ. ಹಾಕಲಿಲ್ಲ ನಾನು. ಆಂಬ್ಲರ್‌ಗೆ ಹಾಕಿದೆ, ದೋಣಿಗೆ ಹಾಕಿದೆ, ಮೋಡಕ್ಕೆ ಹಾಕಿದೆ. ಎನಿಡ್ ಇದ್ದಲ್ಲಿ ಕುಂಚ ಎತ್ತಿ ಆಚೆ ಇಟ್ಟೆ. ಪುಟಗಳನ್ನು ಮೊರೀನ್ ಕೈಗೂ ಕೊಡದೆ ನಾನೇ ಕಟ್ಟಿ ಅಚ್ಚಿಗೆ ಕಳಿಸಿದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಅವನಿಗೆ ಎದೆನೋವು ಶುರುವಾಗಿತ್ತು, ಬೇರೆ ಯಾವುದರಲ್ಲೂ ಮನಸ್ಸಿರಲಿಲ್ಲ. ಆ ಪೆನ್ಸಿಲ್ಲೇ ಅವನ ಊರುಗೋಲು. ಅದು ಕೈ ಜಾರಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಕೆಲವು ಮಧ್ಯಾಹ್ನ, ಬಿಸಿಲು ಓರೆಯಾಗಿ ಬಿದ್ದಾಗ, ಪುಟದ ಮೇಲಿನ ಆ ನೀಲಿ ಗೆರೆಗಳು ಅಲ್ಲಾಡಿದ ಹಾಗಾಗುತ್ತಿತ್ತು. ಕೆಳಗಿನ ಕಾಲುವೆಯ ನೀರು ಚಾವಣಿಗೆ ಬೆಳಕು ಎರಚುತ್ತದೆ, ಅದಕ್ಕೇ ಇರಬೇಕು. ನಾನು ಕಥೆ ಕಟ್ಟುವವಳಲ್ಲ. ಆದರೆ ಶುಂಠಿಯ ವಾಸನೆ ಬಂದಿದ್ದಂತೂ ನಿಜ.

ಆಮೇಲೆ ನಮ್ಮ ಹಳೆಯ ಅಚ್ಚಿನವನು ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟುಹೋದ. ಮೊರೀನ್ ಹೊಸಬರನ್ನು ಹುಡುಕಿದಳು. ಅವರಲ್ಲಿ ಕ್ಯಾಮೆರಾ ಇಲ್ಲ, ಹೊಸ ಯಂತ್ರ. ರಕ್ಷಾಪುಟ, ಒಳಪುಟ ಎಲ್ಲವನ್ನೂ ಒಂದೇ ಸಲ ಬಣ್ಣದಲ್ಲೇ ತೆಗೆದು, ಪಿನ್ನನ್ನೂ ಹೊಡೆದುಕೊಡುತ್ತದೆ. ನೀಲಿಯನ್ನು ತೆಗೆದುಹಾಕಿ ಎಂದು ಅವರಿಗೆ ಹೇಳಬೇಕಿತ್ತು. ಅದು ಮೊರೀನ್‌ಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಜೀವಮಾನವಿಡೀ ಅಚ್ಚಿನಲ್ಲಿ ಕಾಣದಿದ್ದ ಬಣ್ಣ, ಅದು ಕಂಡೀತೆಂದು ಯಾರು ನೆನೆಸುತ್ತಾರೆ?

ಪುಸ್ತಕದ ಪೆಟ್ಟಿಗೆಗಳು ಬಂದದ್ದು ಲೀಡ್ಸಿನ ಚಿತ್ರಕಥೆ ಮೇಳದ ಹಿಂದಿನ ದಿನ. ಒಂದು ಪ್ರತಿ ತೆಗೆದು ಬಿಡಿಸಿದೆ. ಕಪ್ಪು ಗೆರೆಗಳ ಹಿಂದೆಲ್ಲ ತಿಳಿನೀಲಿ ಮಂಜು. ಆ ಮಂಜಿನೊಳಗೆ ಪುಟಪುಟಕ್ಕೂ ಎನಿಡ್.

"ಮೊರೀನ್! ಏನ್ ಮಾಡ್ಸಿದೀಯಾ ಮಾರಾಯ್ತಿ!"

ಮೊರೀನ್ ನೋಡಿದಳು, ಕುರ್ಚಿ ಹುಡುಕಿ ಕೂತಳು. "ಅಯ್ಯೋ ದೇವ್ರೇ. ಇದು ಎನಿಡ್ ಅಲ್ವೇನೇ?"

"ಅಲ್ಲ, ಇಂಗ್ಲೆಂಡಿನ ರಾಣಿ! ಕಣ್ಣಿಲ್ವಾ ನಿಂಗೆ? ಸುಟ್ಟು ಹಾಕು ಎಲ್ಲಾನೂ."

"ಸುಟ್ರೆ ನಾಳೆ ಮೇಜಿನ ಮೇಲೆ ಏನಿಡ್ಲಿ, ನಿನ್ನ ತಲೇನಾ? ಓದುಗರು ಎಲ್ಲೆಲ್ಲಿಂದಲೋ ಬರ್ತಿದಾರೆ ಕಣೇ. ಮೊದ್ಲು ಸೆತ್‌ಗೆ ಹೇಳು."

"ನಾನ್ಯಾಕೆ ಹೇಳ್ಲಿ? ನೀನು ಹೇಳು."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇಬ್ಬರೂ ಕಟ್ಟಲಿಲ್ಲ. ಹವಾ ಚೆನ್ನಾಗಿಲ್ಲ, ನಿನ್ನ ಎದೆಗೆ ಒಳ್ಳೇದಲ್ಲ, ಮನೆಯಲ್ಲೇ ಬೆಚ್ಚಗಿರು ಎಂದು ಮೊರೀನ್ ಫೋನಿನಲ್ಲಿ ಅವನಿಗೆ ಬೆಣ್ಣೆ ಸವರಿದಳು. ಅವನು ಸರಿ ಸರಿ ಎಂದ. ಅವನು ಅಷ್ಟು ಸುಲಭವಾಗಿ ಸರಿ ಎಂದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಮೇಳ ನಡೆದದ್ದು ಒಂದು ಚರ್ಚಿನ ಸಭಾಂಗಣದಲ್ಲಿ. ಒದ್ದೆ ಕೋಟುಗಳು, ಚಹಾದ ದೊಡ್ಡ ಹಂಡೆ, ಮಡಚುವ ಮೇಜುಗಳು. ನಮ್ಮ ಮೇಜಿನ ಮುಂದೆ ಜನ ಸೇರುತ್ತಲೇ ಇದ್ದರು. ಕೊಂಡವರು ಹೋಗುತ್ತಿರಲಿಲ್ಲ; ಅಲ್ಲೇ ಪಕ್ಕದಲ್ಲಿ ನಿಂತು ಪುಟ ತಿರುಗಿಸುತ್ತಿದ್ದರು. ಆಸ್ಪತ್ರೆಯ ನರ್ಸೊಬ್ಬಳು ಸಮವಸ್ತ್ರದ ಮೇಲೆಯೇ ಕೋಟು ಹಾಕಿಕೊಂಡು ಬಂದಿದ್ದಳು. ಅವಳು ಕೊನೆಯ ಪುಟ ಮುಗಿಸಿ ತಲೆಯೆತ್ತಿದಾಗ ಪಕ್ಕದಲ್ಲಿ ನಿಂತಿದ್ದವನು, ಟೋಪಿ ಕೈಯಲ್ಲಿ ಹಿಡಿದ ಸೆತ್ ಹೆಲಿವೆಲ್. ರೈಲು ಹತ್ತಿ ಬಂದುಬಿಟ್ಟಿದ್ದ, ಹಠಮಾರಿ ಮುದುಕ. ಅವಳ ಕೈಯಲ್ಲಿದ್ದ ಪುಸ್ತಕವನ್ನು ಇಣುಕಿ ನೋಡುತ್ತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

ಅವನು ಯಾರೆಂದು ಅವಳಿಗೇನು ಗೊತ್ತು? "ಈ ನೀಲಿ ಹೆಂಗಸನ್ನ ನೋಡಿದ್ರಾ?" ಎಂದು ಅವನನ್ನೇ ಕೇಳಿದಳು.

"ನೋಡ್ದೆ," ಅಂದ ಸೆತ್.

"ಪ್ರತಿ ಚಿತ್ರದಲ್ಲೂ ಇದಾಳೆ. ಈ ಕ್ಯಾಪ್ಟನ್ ಒಂದ್ಸಲನಾದ್ರೂ ತಿರುಗಿ ನೋಡ್ತಾನಾ? ಕಲ್ಲು ಮನುಷ್ಯ!"

ಸೆತ್ ಟೋಪಿಯನ್ನು ಹಿಂಡಿದ. "ಹಂಗಲ್ಲ. ತಿರುಗಿದ್ರೆ ಇರಲ್ವೇನೋ ಅಂತ ಭಯ ಅವನಿಗೆ."

"ಅಯ್ಯೋ, ಏನ್ ಹೇಳ್ತೀರಿ! ಅವಳೆಲ್ಲಿಗೆ ಹೋಗ್ತಾಳೆ? ಬಟ್ಟೆ ಒಣಗ್ಸಿದಾಳೆ, ಚಹಾಕ್ಕಿಟ್ಟಿದಾಳೆ, ದೀಪ ಹಚ್ಚಿದಾಳೆ. ಇದು ಹೋಗೋಳ ಲಕ್ಷಣನಾ? ಅವನು ತಿರುಗ್ಲಿ ಅಂತ ಕಾಯ್ತಾ ನಿಂತಿದಾಳೆ, ಪಾಪ."

ಹೇಳಿ ಅವಳು ಪುಸ್ತಕವನ್ನು ಕೋಟಿನೊಳಗೆ ಬೆಚ್ಚಗೆ ಸೇರಿಸಿಕೊಂಡು ಹೋದಳು. ಸೆತ್ ನನ್ನ ಕಡೆ ನೋಡಲೂ ಇಲ್ಲ. ಮೇಜಿನಿಂದ ಒಂದು ಪ್ರತಿ ಎತ್ತಿಕೊಂಡು, ಹೋಗಿ ಚಹಾದ ಹಂಡೆಯ ಪಕ್ಕ ಕೂತ. ತನ್ನದೇ ಪುಸ್ತಕವನ್ನು ಯಾರೋ ಬರೆದದ್ದೆಂಬಂತೆ ಓದಿದ. ನಾನು ಹತ್ತಿರ ಹೋಗಿ ನಿಂತೆ. ಬೈಗುಳಕ್ಕೆ ತಯಾರಾಗಿದ್ದೆ, ತಿರುಗಿ ಬೈಯಲೂ ತಯಾರಾಗಿದ್ದೆ.

"ಎಷ್ಟು ಚಂದ ಕಾಣ್ತಾಳಲ್ವಾ," ಅಂದ. ಕಣ್ಣಲ್ಲಿ ನೀರು ನಿಂತಿತ್ತು. "ಮೂಗು ಸ್ವಲ್ಪ ಉದ್ದ ಆಯ್ತು."

"ಅವಳ ಮೂಗು ಉದ್ದಾನೇ ಇತ್ತು ಕಣೋ."

"ಅವಳ ಮುಂದೆ ಹೇಳ್ಬೇಕಿತ್ತು ನೀನು." ನಕ್ಕ. ಆಮೇಲೆ ಜೇಬಿನಿಂದ ನೀಲಿ ಪೆನ್ಸಿಲ್ ತೆಗೆದು ಚಹಾ ಕಪ್ಪಿನ ಪಕ್ಕ ಮೇಜಿನ ಮೇಲಿಟ್ಟ. ಅಂದು ಆಡಿದ ಮಾತಿನಂತೆ ಕೆಳಗಿಟ್ಟೇಬಿಟ್ಟ. ಮನೆಗೆ ಹೊರಟಾಗ ಅದನ್ನು ಎತ್ತಿಕೊಳ್ಳುತ್ತಾನೋ ಬಿಡುತ್ತಾನೋ ಎಂದು ಕಾದೆ. ಎತ್ತಿಕೊಳ್ಳಲಿಲ್ಲ. ನಾನೇ ಎತ್ತಿ ಅವನ ಕೋಟಿನ ಜೇಬಿಗೆ ತುರುಕಿದೆ. ಬೇಡ ಎನ್ನಲಿಲ್ಲ, ಅಷ್ಟೇ ಸಮಾಧಾನ.

ಆ ಚಳಿಗಾಲವಿಡೀ ಅವನು ಮಹಡಿ ಹತ್ತಲಿಲ್ಲ. ಓದುಗರು ಬಂದು ನೀಲಿ ಹೆಂಗಸಿನ ಮುಂದಿನ ಕಥೆ ಏನೆಂದು ಕೇಳಿ ಹೋಗುತ್ತಿದ್ದರು. ಮೊರೀನ್ ಅತ್ತಳು. ನಾನು ಅವಳ ಮೇಲೆ ಕೂಗಾಡಿದೆ, ಉಣ್ಣೆ ಅಂಗಡಿಯವನ ಮೇಲೂ ಕೂಗಾಡಿದೆ, ಅವನದೇನೂ ತಪ್ಪಿರಲಿಲ್ಲ. ಸೆತ್‌ನ ಬಾಗಿಲು ಬಡಿದರೆ "ಬದುಕಿದೀನಿ, ಹೋಗು" ಎಂದು ಒಳಗಿನಿಂದಲೇ ಹೇಳುತ್ತಿದ್ದ.

ಕಾಲುವೆಯ ಮೇಲಿನ ಹಿಮ ಕರಗಿದ ಮೇಲೆ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಅವನ ಉಸಿರು ಕೇಳಿಸಿತು. ಮೆಟ್ಟಿಲು ಮೆಟ್ಟಿಲಿಗೂ ನಿಂತು ಬರುತ್ತಿದ್ದ. ಕೈಯಲ್ಲಿ ಒಂದೇ ಒಂದು ಪುಟ. ಅದನ್ನು ನನ್ನ ಮುಂದೆ ಬಿಡಿಸಿದ, ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ.

ಇಡೀ ಪುಟಕ್ಕೆ ಒಂದೇ ಚಿತ್ರ. ದೋಣಿ ಟಾಡ್‌ಮರ್ಡನ್ನಿನ ಮೇಲೇ ಬಂದಿದೆ; ಕೆಳಗೆ ಮಾರುಕಟ್ಟೆ, ನಮ್ಮ ಮಹಡಿ, ನಮ್ಮ ಕಿಟಕಿ. ಚುಕ್ಕಾಣಿ ಎನಿಡ್‌ಳ ಕೈಯಲ್ಲಿದೆ. ಆಂಬ್ಲರ್ ಕೊನೆಗೂ ತಿರುಗಿದ್ದಾನೆ. ಅವಳ ಎದುರಿಗೆ ಮರದ ಪೆಟ್ಟಿಗೆಯ ಮೇಲೆ ಕೂತು, ಮಡಿಲಲ್ಲಿ ಟೋಪಿ ಇಟ್ಟುಕೊಂಡು, ಅವಳನ್ನೇ ನೋಡುತ್ತಿದ್ದಾನೆ. ಎಲ್ಲ ಎಂದಿನ ತಿಳಿನೀಲಿಯಲ್ಲೇ.

"ಅವಳಿಗೆ ಮಸಿ ಹಾಕು," ಅಂದ. "ಚೆನ್ನಾಗಿ ಹಾಕು. ಗಟ್ಟಿಯಾಗಿ ನಿಲ್ಲೋ ಹಂಗೆ."

"ಹಾಕ್ತೀನಿ. ನಿಂಗೆ?"

"ನಾನು ಅಂತ ಯಾರು ಹೇಳಿದ್ದು? ಅದು ಆಂಬ್ಲರ್."

"ಸರಿ ಕಣಪ್ಪ. ಆಂಬ್ಲರ್‌ಗೆ?"

ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಅಷ್ಟು ವರ್ಷದಲ್ಲಿ ಎಂದೂ ಇಟ್ಟಿರಲಿಲ್ಲ. "ಅವನಿಗೆ ಬೇಡ, ಹುಡುಗಿ. ಅವನು ಸ್ವಲ್ಪ ಓಡಾಡ್ಕೊಂಡಿರ್ಲಿ."

ಎನಿಡ್‌ಳ ಸ್ಕಾರ್ಫಿಗೆ ನಾನು ಮಸಿ ಹಾಕುತ್ತಿದ್ದಾಗ ಸುದ್ದಿ ಬಂತು. ಸೆತ್ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದ. ಕುರ್ಚಿಯ ಮುಖ ಗುಡ್ಡ ಕಾಣುವ ಕಿಟಕಿಯ ಕಡೆಗಿತ್ತಂತೆ.

ಮಣ್ಣು ಮಾಡಿ ಬಂದು ಮತ್ತೆ ಪುಟದ ಮುಂದೆ ಕೂತೆ. ಎನಿಡ್ ಮುಗಿದಿದ್ದಳು, ದೋಣಿ ಮುಗಿದಿತ್ತು. ಆಂಬ್ಲರ್ ಮಾತ್ರ ನೀಲಿಯಲ್ಲಿ ಉಳಿದಿದ್ದ. ಕುಂಚ ತುಂಬ ಮಸಿ ಅದ್ದಿದೆ. ಹಾಕಿಬಿಡಬೇಕು ಅನ್ನಿಸಿತು, ಸುಳ್ಳು ಹೇಳಲಾರೆ. ಹಾಕಿದರೆ ಅಲ್ಲೇ ನಿಲ್ಲುತ್ತಾನಲ್ಲ, ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ಕೈ ಅವನ ಕೆನ್ನೆಯವರೆಗೂ ಹೋಯಿತು. ಅಲ್ಲಿಂದ ಹಿಂದಕ್ಕೆ ತೆಗೆದೆ. ಕುಂಚ ತೊಳೆದಿಟ್ಟು, ಮೇಜಿಗೆ ಹಣೆ ಹಚ್ಚಿ, ಮನಸಾರೆ ಅತ್ತೆ. ಮೊರೀನ್ ಬೆನ್ನ ಮೇಲೆ ಕೈಯಾಡಿಸಿದಳು. ಮೊದಲ ಬಾರಿಗೆ ನಾನು ಅವಳಿಗೆ ಬೈಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಚ್ಚಿನವರ ಫೋನು ಬಂತು. ಹೋದ ಸಲದ ಹಾಗೆ ಆಗದಂತೆ ನೋಡಿಕೊಳ್ಳುತ್ತೇವೆ, ಈ ಸಲ ನೀಲಿಯನ್ನೆಲ್ಲ ತೆಗೆದುಬಿಡುತ್ತೇವೆ ಎನ್ನುತ್ತಿದ್ದರು ಪಾಪ. ಮೊರೀನ್ ಉತ್ತರ ಕೊಡುವ ಮೊದಲೇ ಫೋನು ಕಿತ್ತುಕೊಂಡೆ.

"ತೆಗೆದ್ರೆ ಕೈ ಮುರೀತೀನಿ," ಅಂದೆ. "ಅವನು ಅಲ್ಲೇ ಇರ್ಲಿ."