ಉಶ್ಶಕ್ಕನ ಮಗಳಿಗೆ ಕೇಳಿದ ಪ್ರಶ್ನೆ

ನಮ್ಮ ವಾರ್ಡಿನಲ್ಲಿ ನೆಲ ಒರೆಸುವವಳನ್ನು ಎಲ್ಲರೂ ಉಶ್ಶಕ್ಕ ಎನ್ನುತ್ತಿದ್ದರು. ಯಾರಾದರೂ ಬಾಯಿ ತೆರೆದರೆ ಸಾಕು, ತುಟಿಯ ಮೇಲೆ ಬೆರಳಿಟ್ಟು 'ಉಶ್' ಎನ್ನುವುದು ಅವಳ ಅಭ್ಯಾಸ. ರೋಗಿಗಳ ಮೇಲೆ ಎಂಥ ಕಾಳಜಿ ಎಂದು ನರ್ಸುಗಳು ಮೆಚ್ಚಿಕೊಳ್ಳುತ್ತಿದ್ದರು. ಊಟದ ಗಾಡಿ ತಳ್ಳುವ ನನಗೆ ಮಾತ್ರ ಅಸಲು ಕಾರಣ ಗೊತ್ತಿತ್ತು. ಬಟ್ಟೆ ಕೋಣೆಯಲ್ಲಿ, ಒಗೆದು ಮಡಿಸಿಟ್ಟ ಹೊದಿಕೆಗಳ ಹಿಂದೆ, ಅವಳ ಮಗಳು ಕೂತಿರುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿರಲಿಲ್ಲ. ಮಕ್ಕಳನ್ನು ವಾರ್ಡಿಗೆ ಕರೆತಂದ ಕೆಲಸದವರನ್ನು ಆಸ್ಪತ್ರೆಯವರು ಅವತ್ತೇ ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದರು. ಒಬ್ಬಳು ಹಾಗೆ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಹಾಗಾಗಿ ಹುಡುಗಿ ಶಾಲೆ ಬಿಟ್ಟ ಕೂಡಲೇ ಸದ್ದಿಲ್ಲದೆ ಬಂದು ಸೇರಿಕೊಳ್ಳುವಳು. ನಾನೇ ಅವಳಿಗೆ ಇಲಿಮರಿ ಎಂದು ಹೆಸರಿಟ್ಟೆ.

ಇಲಿಮರಿ ಬೆಳೆದಂತೆ ಬಟ್ಟೆ ಕೋಣೆ ಸಾಲದಾಯಿತು. ನರ್ಸುಗಳಿಲ್ಲದ ಹೊತ್ತು ನೋಡಿ ಹೊರಬಂದು ಕೈ ನಡುಗುವವರಿಗೆ ಊಟ ಮಾಡಿಸುವಳು, ಆಪರೇಷನ್ನಿಗೆ ಹೆದರಿದವರ ಪಕ್ಕ ಕೂತು ಹರಟುವಳು. ಒಬ್ಬರು ಅಜ್ಜಿಯಂತೂ ಇವಳ ಕೈ ಹಿಡಿದುಕೊಂಡೇ ಪ್ರಾಣ ಬಿಟ್ಟರು. ಅವತ್ತು ಹುಡುಗಿ ಅಮ್ಮನಿಗೆ, "ನಾನು ಡಾಕ್ಟರೇ ಆಗೋದು," ಎಂದಳು. ಉಶ್ಶಕ್ಕ ನಕ್ಕಳು. ಖುಷಿಗೆ ನಕ್ಕದ್ದಲ್ಲ, ದಿಗಿಲಿಗೆ.

ಓದಿನಲ್ಲಿ ಅವಳು ಯಾರಿಗೂ ಕಮ್ಮಿಯಿರಲಿಲ್ಲ. ಪ್ರವೇಶ ಪರೀಕ್ಷೆ ಪಾಸಾದಳು. ನಮ್ಮ ಆಸ್ಪತ್ರೆಗೆ ಅಂಟಿಕೊಂಡಿರುವ ವೈದ್ಯಕೀಯ ಕಾಲೇಜಿನಲ್ಲಿ ಬಡವರಿಗೆಂದು ಫೀಸಿಲ್ಲದ ಸೀಟೊಂದಿತ್ತು, ಅದರ ಸಂದರ್ಶನಕ್ಕೂ ಕರೆ ಬಂತು. ಅದು ತಪ್ಪಿದರೆ ಬೇರೆ ದಾರಿಯಿಲ್ಲ. ಆ ದಿನ ನಾನೂ ಅವರ ಜೊತೆ ಹೋದೆ.

ಕಾಯುವ ಕೋಣೆಯ ಮೆತ್ತನೆ ಕುರ್ಚಿಯಲ್ಲಿ ಉಶ್ಶಕ್ಕ ತುದಿಗೆ ಕೂತಿದ್ದಳು, ಯಾರೋ ಎಬ್ಬಿಸಲು ಬರುತ್ತಾರೇನೋ ಎನ್ನುವ ಹಾಗೆ. ಎದುರಿಗೆ ಕೂತಿದ್ದ ಹುಡುಗಿಯೊಬ್ಬಳು ಗೆಳತಿಗೆ ಹೇಳುತ್ತಿದ್ದಳು, "ಅನುಭವಕ್ಕೆ ಬೇರೆ ಮಾರ್ಕ್ಸ್ ಇದೆಯಂತೆ. ನಮ್ಮ ಅತ್ತೆ ಕ್ಲಿನಿಕ್‌ನಲ್ಲಿ ಸುಮ್ನೆ ನಿಂತಿದ್ದೆ, ಅಷ್ಟೇ. ಬಿಳಿ ಕೋಟೂ ಕೊಟ್ಟಿದ್ರು."

ನಾವು ಮೂವರೂ ಅದನ್ನು ಕೇಳಿಸಿಕೊಂಡೆವು. ಮೂವರಿಗೂ ಏನೂ ಹೊಳೆಯಲಿಲ್ಲ. ಅತ್ತೆಯ ಕ್ಲಿನಿಕ್ಕಿನಲ್ಲಿ ನಿಂತರೆ ಅದು ಅನುಭವ. ಅಮ್ಮನ ವಾರ್ಡಿನಲ್ಲಿ ವರ್ಷಗಟ್ಟಲೆ ರೋಗಿಗಳನ್ನು ನೋಡಿಕೊಂಡದ್ದು ನಮ್ಮ ಪಾಲಿಗೆ ಕಳ್ಳತನವಾಗಿತ್ತು.

ಅಷ್ಟರಲ್ಲಿ ನಮ್ಮ ವಾರ್ಡಿನ ದೊಡ್ಡ ಡಾಕ್ಟರು ಬಂದರು. ಸಂದರ್ಶನ ಮಾಡುವವರಲ್ಲಿ ಅವರೂ ಒಬ್ಬರು. ಉಶ್ಶಕ್ಕನನ್ನು ನೋಡಿದರು, ಪಕ್ಕದಲ್ಲಿದ್ದ ಹುಡುಗಿಯನ್ನು ನೋಡಿದರು, ಮುಗುಳ್ನಕ್ಕು ಒಳಗೆ ಹೋದರು. ಇಲಿಮರಿಯ ಗುರುತು ಅವರಿಗೆ ಹತ್ತಿತು ಎಂದುಕೊಂಡೆ. ಉಶ್ಶಕ್ಕ ಮಗಳ ಕಿವಿಗೆ ಬಾಯಿಟ್ಟು, "ವಾರ್ಡಿಗೆ ಬರ್ತಿದ್ದದ್ದು ಮಾತ್ರ ಬಾಯಿ ಬಿಡಬೇಡ ಕಣೇ," ಎಂದಳು.

ಇಲಿಮರಿ ಸಂದರ್ಶನ ಮುಗಿಸಿ ಹೊರಗೆ ಬಂದಾಗ ಮುಖ ಅರಳಿತ್ತು. "ಎಲ್ಲಾದಕ್ಕೂ ಉತ್ತರ ಕೊಟ್ಟೆ. ರೋಗಿಗಳ ಜೊತೆ ಇದ್ದ ಅನುಭವ ಏನಾದ್ರೂ ಇದೆಯಾ ಅಂತ ಡಾಕ್ಟರು ಬಿಡದೆ ಕೇಳಿದ್ರು. ಇಲ್ಲವೇ ಇಲ್ಲ ಅಂದೆ. ನಿನ್ನ ಕೆಲಸಕ್ಕೇನೂ ಆಗಲ್ಲಮ್ಮ."

ಉಶ್ಶಕ್ಕ ಮಗಳ ತಲೆ ಸವರಿದಳು. ನನಗೆ ಮಾತ್ರ ಆ 'ಬಿಡದೆ' ಎನ್ನುವ ಪದ ಮನಸ್ಸಿನಿಂದ ಹೋಗಲಿಲ್ಲ.

ಸೀಟು ಕ್ಲಿನಿಕ್ಕಿನಲ್ಲಿ ನಿಂತಿದ್ದವಳಿಗೆ ಹೋಯಿತು. ಅತ್ತೆ ಡಾಕ್ಟರಾದರೂ ಅಪ್ಪನ ಸಂಬಳ ಕಮ್ಮಿಯಿತ್ತಂತೆ. ವಾರ್ಡಿನಲ್ಲಿ ಡಾಕ್ಟರು ಉಶ್ಶಕ್ಕನನ್ನು ನಿಲ್ಲಿಸಿ, ದನಿ ತಗ್ಗಿಸಿ ಮಾತಾಡಿದರು. ನಾನು ಗಾಡಿ ಹಿಡಿದು ಅಲ್ಲೇ ನಿಂತೆ.

"ನಿಮ್ಮ ಮಗಳು ಇಲ್ಲಿ ಎಷ್ಟು ಜನರನ್ನ ನೋಡ್ಕೊಂಡಿದಾಳೆ ಅಂತ ನಂಗೆ ಗೊತ್ತಿತ್ತು. ಅದನ್ನ ಹೇಳ್ಲಿ ಅಂತಾನೇ ಕೇಳಿದ್ದು. ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ಲು. ಸುಳ್ಳು ಹೇಳೋರನ್ನ ಡಾಕ್ಟರ್ ಮಾಡಕ್ಕಾಗಲ್ಲ ನೋಡಿ."

"ನಾನೇ ಹೇಳ್ಕೊಟ್ಟಿದ್ದು ಸಾರ್. ಕೆಲಸ ಹೋಗುತ್ತೆ ಅಂತ."

"ಛೆ, ನಾನು ತೆಗೀತಿದ್ನಾ?" ಅವರಿಗೆ ನಿಜಕ್ಕೂ ಬೇಜಾರಾಗಿತ್ತು. ಕೆಟ್ಟ ಮನುಷ್ಯರಲ್ಲ ಅವರು, ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ. ಸ್ವಲ್ಪ ಯೋಚಿಸಿ, "ಇನ್ನೇನೂ ಮಾಡೋ ಹಾಗಿಲ್ಲ. ಒಂದ್ಕೆಲಸ ಮಾಡ್ತೀನಿ," ಎಂದರು. "ಈ ವಾರ್ಡಿಗೆ ಇನ್ನೊಬ್ಬಳು ಕೆಲಸದವಳು ಬೇಕಾಗಿದೆ. ನಿಮ್ಮ ಮಗಳ ಹೆಸರು ಹೇಳ್ತೀನಿ. ಅನುಭವ ಹೇಗೂ ಇದೆಯಲ್ಲ."

ಉಶ್ಶಕ್ಕ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. ಅವಳು ಕಿರುಚಲಿ, ಬೈಯಲಿ, ಆ ಬಕೆಟ್ಟನ್ನಾದರೂ ಒದೆಯಲಿ ಎಂದು ನಾನು ಕಾದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇನ್ನು ಮಗಳನ್ನು ಬಚ್ಚಿಡಬೇಕಾಗಿಲ್ಲವಲ್ಲ ಎನ್ನುವ ನೆಮ್ಮದಿಯಿತ್ತು.

"ಯಾವತ್ತಿಂದ ಬರಬೇಕು ಸಾರ್ ಅವಳು?" ಎಂದು ಕೇಳಿದಳು.